ಹಸಿ ವಾಸನೆ ಹೋಗುವವರೆಗೆ

ಸ್ನೇಹಲತಾ ಐತಾಳ ಹುಟ್ಟಿದಾಗಿನಿಂದ ಯಾವ ಅಡುಗೆಯನ್ನೂ ಒಲೆಯ ಮೇಲಿರುವಾಗ ರುಚಿ ನೋಡಿದವಳಲ್ಲ. ಉಪ್ಪು ಸರಿಯಿದೆಯೇ ಎಂದು ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕುವ ಹೆಂಗಸರನ್ನು ಕಂಡರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೋಟದ ಕಡೆಯ ಅವಳ ತವರಿನಲ್ಲಿ ಬಾಯಿಗಿಟ್ಟದ್ದೆಲ್ಲ ಎಂಜಲು, ದೇವರಿಗೆ ತೋರಿಸುವ ಮೊದಲು ಮನುಷ್ಯರ ನಾಲಗೆಗೆ ಅಲ್ಲಿ ಕೆಲಸವಿರಲಿಲ್ಲ. ಹಾಗಾದರೆ ಉಪ್ಪು, ಹುಳಿ, ಖಾರ ಗೊತ್ತಾಗುವುದು ಹೇಗೆ? ಮೂಗು ಇರುವುದು ಮತ್ತೇತಕ್ಕೆ!

ಮೂಗೆಂದರೆ ಅಂಥಿಂಥ ಮೂಗಲ್ಲ ಅದು. ದಿಲ್ಲಿಯ ರೋಹಿಣಿ ಬಡಾವಣೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು, ಕೆಳಗಿನ ಮನೆಯ ಚಾವ್ಲಾ ಭಾಭಿಗೆ "ಹಾಲು ತಳ ಹಿಡೀತಿದೆ" ಎಂದು ಬಾಲ್ಕನಿಯಿಂದಲೇ ಕೂಗಿ ಹೇಳುತ್ತಿದ್ದಳು. ತರಕಾರಿ ಗಾಡಿಯ ಭಯ್ಯಾ ಇವಳನ್ನು ಕಂಡ ಕೂಡಲೇ ಹಿಂದಿನ ದಿನದ ಕೊತ್ತಂಬರಿ ಕಟ್ಟುಗಳನ್ನು ಗೋಣಿಯ ಕೆಳಗೆ ತಳ್ಳುತ್ತಿದ್ದ. ಅಡುಗೆಮನೆಯ ಕಪಾಟಿನಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು, ಒಂದರ ಮೇಲೂ ಹೆಸರಿಲ್ಲ. ಮಗಳು ಸುಪ್ರೀತಾ ಒಮ್ಮೆ ರಜೆಯಲ್ಲಿ ಕೂತು ಎಲ್ಲಕ್ಕೂ ಚೀಟಿ ಅಂಟಿಸಿದ್ದಳು. ಮುಂದಿನ ಸಲ ಡಬ್ಬಿ ತೊಳೆದಾಗ ಚೀಟಿಗಳೆಲ್ಲ ನೀರಿಗೆ ಹೋದವು. ಸ್ನೇಹಲತಾ ಅವನ್ನು ಸ್ವಲ್ಪ ಹೆಚ್ಚೇ ಉಜ್ಜಿದ್ದಳು ಎನ್ನುವುದು ಮಗಳ ದೂರು. ಮುಚ್ಚಳ ತೆರೆದರೆ ಒಳಗಿರುವುದು ತಾನೇ ಹೆಸರು ಹೇಳುತ್ತದೆ, ಅದಕ್ಕೆ ಚೀಟಿ ಬೇರೆ ಕೇಡು ಎನ್ನುವುದು ತಾಯಿಯ ವಾದ.

ಮಸಾಲೆ ಪಾಕ ಶುರುವಾದದ್ದೂ ಈ ಮಗಳಿಂದಲೇ. ಸುಪ್ರೀತಾ ಪಿಎಚ್‌ಡಿಗೆಂದು ದಿಲ್ಲಿಯ ಇನ್ನೊಂದು ತುದಿಯ ಮುನಿರ್ಕಾದಲ್ಲಿ ರೂಮು ಹಿಡಿದಾಗ ಅಲ್ಲಿ ಇದ್ದದ್ದು ಒಂದು ಎಲೆಕ್ಟ್ರಿಕ್ ಕೆಟಲ್ ಮಾತ್ರ. ಬಿಸಿನೀರಿಗೆ ಟೀ ಬ್ಯಾಗು ಅದ್ದಿ ಕುಡಿಯುತ್ತಿದ್ದೇನೆ ಎಂದು ಅವಳು ಫೋನಿನಲ್ಲಿ ಹೇಳಿದ ದಿನ ಸ್ನೇಹಲತಾಳಿಗೆ ಊಟ ಸೇರಲಿಲ್ಲ. ಮಾರನೆಯ ದಿನವೇ ಬೆಲ್ಲ ಕರಗಿಸಿ, ಶುಂಠಿ, ಕಾಳುಮೆಣಸು, ಲವಂಗ, ಏಲಕ್ಕಿ ಹಾಕಿ ಕುದಿಸಿ, ಸೋಸಿ, ಜೇನುತುಪ್ಪದಷ್ಟು ಮಂದವಾದ ಪಾಕವನ್ನು ಬಾಟಲಿಗೆ ತುಂಬಿ ಕಳಿಸಿದಳು. ಕಾಫಿಯಾಗಲಿ ಚಹಾ ಆಗಲಿ, ಒಂದು ಚಮಚ ಬಿಟ್ಟು ಕಲಕಿದರೆ ಮುಗಿಯಿತು. ಎಲ್ಲಾದರೂ ಹಾಲು ಹಾಕಿ ಕುದಿಸಿದರೆ ಮೊದಲು ಚಹಾ ಕೆಳಗಿಳಿಸು, ಆಮೇಲೆ ಪಾಕ ಬಿಡು, ಕುದಿಯುವಾಗ ಬಿಟ್ಟರೆ ಹಾಲು ಒಡೆಯುತ್ತದೆ ಎಂದು ಹತ್ತು ಸಲ ಹೇಳಿದ್ದಳು. ಸುಪ್ರೀತಾಳ ರೂಮಿನಿಂದ ಅದು ಪಕ್ಕದ ರೂಮಿಗೆ ಹೋಯಿತು. ಅಲ್ಲಿಂದ ಗುರುಗ್ರಾಮದ ಐಟಿ ಕಂಪನಿಯಲ್ಲಿದ್ದ ದಾವಣಗೆರೆಯ ಹುಡುಗ ಪವನ್‌ನ ಕೈಗೆ ಹೋಗಿ, ಅವನ ಆಫೀಸಿನ ಮಿಷಿನ್ ಕಾಫಿಗೂ ಬಿತ್ತು. ರೋಹಿಣಿಯ ಮಾರ್ಕೆಟ್ಟಿನಲ್ಲಿ ಸಣ್ಣದೊಂದು ಇಡ್ಲಿ-ದೋಸೆ ಹೋಟೆಲು ನಡೆಸುವ ಗಂಡ ಗೋಪಿನಾಥ ಕೂಡ ಒಂದು ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡ. ಚಾವ್ಲಾ ಭಾಭಿಯಂತೂ ಬಾಟಲಿ ಖಾಲಿಯಾದ ಕೂಡಲೇ ಅದನ್ನು ತೊಳೆದು ತಂದು ನಿಲ್ಲುತ್ತಿದ್ದಳು.

ಹಾಗೆಂದು ಸ್ನೇಹಲತಾ ಅದನ್ನು ಕುಡಿದವಳಲ್ಲ. ಅವಳಿಗೆ ಸಕ್ಕರೆ ಕಾಯಿಲೆ, ಕಾಫಿ ಸಪ್ಪೆ. ಪಾಕ ಆಯಿತೋ ಇಲ್ಲವೋ ಎನ್ನುವುದನ್ನು ಅವಳು ಪಾತ್ರೆಯ ಮೇಲೆ ಬಗ್ಗಿ ಆವಿಯನ್ನು ಎಳೆದುಕೊಂಡೇ ತೀರ್ಮಾನಿಸುತ್ತಿದ್ದಳು. ಮೊದಲು ಬೆಲ್ಲದ ಹಸಿ ವಾಸನೆ ಹೋಗಬೇಕು. ಆಮೇಲೆ ಶುಂಠಿ ಮೇಲೆದ್ದು ಬಂದು ಅಡಗಬೇಕು. ಲವಂಗ ಜೋರು ಮಾಡಿ ಸುಮ್ಮನಾಗಬೇಕು. ಎಲ್ಲ ಒಂದಾದ ಗಳಿಗೆಗೆ ಗ್ಯಾಸ್ ಆರಿಸಬೇಕು. ಸ್ವಲ್ಪ ಮೊದಲಾದರೆ ಕಷಾಯ, ಸ್ವಲ್ಪ ತಡವಾದರೆ ಚಿಕ್ಕಿ.

ಕಳೆದ ದೀಪಾವಳಿ ಮುಗಿದ ವಾರದಲ್ಲಿ, ದಿಲ್ಲಿಯ ಅರ್ಧ ಊರು ಕೆಮ್ಮುತ್ತಿದ್ದಾಗ, ಅವಳೂ ಜ್ವರ ಹಿಡಿದು ಮಲಗಿದಳು. ಜ್ವರ ಬಿಟ್ಟಿತು, ನೆಗಡಿ ಬಿಟ್ಟಿತು, ಕೆಮ್ಮೂ ಬಿಟ್ಟಿತು. ಹೋಗುವಾಗ ಅವು ಮೂಗಿನೊಳಗಿದ್ದದ್ದನ್ನೆಲ್ಲ ಗುಡಿಸಿಕೊಂಡು ಹೋದವು. ಗೊತ್ತಾದದ್ದು ಒಂದು ಬೆಳಿಗ್ಗೆ. ಹಾಲಿಟ್ಟು ಪಕ್ಕದಲ್ಲೇ ನಿಂತು ಬೀನ್ಸ್ ಹೆಚ್ಚುತ್ತಿದ್ದಳು. ಕೆಳಗಿನಿಂದ ಚಾವ್ಲಾ ಭಾಭಿ, "ಐತಾಳ್‌ಜೀ, ದೂಧ್ ಜಲ್ ರಹಾ ಹೈ!" ಎಂದು ಕೂಗಿದಳು. ತಿರುಗಿ ನೋಡಿದರೆ ಪಾತ್ರೆಯ ತಳ ಕಪ್ಪಾಗಿತ್ತು. ಊದುಬತ್ತಿ ಹಚ್ಚಿ ಮೂಗಿನ ಹತ್ತಿರ ಹಿಡಿದಳು, ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಮಾರ್ಕೆಟ್ಟಿಗೆ ಹೋಗುತ್ತೇನೆಂದು ಹೇಳಿ ಒಬ್ಬಳೇ ಡಾಕ್ಟರ ಹತ್ತಿರ ಹೋಗಿಬಂದಳು. ಬಂದರೂ ಬರಬಹುದು, ಬಾರದೆಯೂ ಇರಬಹುದು, ಕಾಯಬೇಕು ಎಂದರಂತೆ. ಇಷ್ಟು ಹೇಳಲು ಅಷ್ಟು ಓದಬೇಕಿತ್ತೇ ಎಂದು ಬೈದುಕೊಳ್ಳುತ್ತಾ ಮನೆಗೆ ಬಂದವಳು ಯಾರಿಗೂ ಹೇಳಲಿಲ್ಲ. ಗಂಡನಿಗಂತೂ ಇಲ್ಲವೇ ಇಲ್ಲ.

ಅದಕ್ಕೆ ಕಾರಣವಿತ್ತು. ಗೋಪಿನಾಥನ ಹೋಟೆಲಿನಲ್ಲಿ ಮೊದಲಿನಿಂದ ಅಡುಗೆ ಮಾಡುತ್ತಿದ್ದವರು ಚಂದ್ರಮೋಹನ ಅಡಿಗರು. ಕಣ್ಣು ಮಂಜಾಗಿ ಅವರು ಒಂದು ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು. ಗೋಪಿನಾಥ ಬೈಯಲಿಲ್ಲ, ಅವನಿಗೆ ಬೈಯಲು ಬಾರದು. ಅಡಿಗರಿಗೆ ಶಾಲು ಹೊದೆಸಿ, ಹಾರ ಹಾಕಿ, ಬಾಗಿಲ ಪಕ್ಕ ಒಳ್ಳೆಯದೊಂದು ಕುರ್ಚಿ ಹಾಕಿಸಿ, "ಇಷ್ಟು ವರ್ಷ ದುಡಿದಿರಿ, ಇನ್ನು ಕೂತ್ಕೊಳ್ಳಿ" ಎಂದ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಊಟ, ಸಂಜೆ ಬಿಸಿ ಬೋಂಡ, ಎಲ್ಲ ಕುರ್ಚಿಗೇ ಬರುತ್ತಿತ್ತು. ಅಡಿಗರು ಆ ಕುರ್ಚಿಯಲ್ಲಿ ಕೂತು ಕೂತು ಸೊರಗಿದರು. ಒಳಗೆ ಒಗ್ಗರಣೆ ಸಿಡಿದಾಗಲೆಲ್ಲ ಅವರ ಬಲಗೈ ತೊಡೆಯ ಮೇಲೆ ಅಲುಗುತ್ತಿದ್ದುದನ್ನು ಸ್ನೇಹಲತಾ ಕಂಡಿದ್ದಳು. ಒಂದು ದಿನ ಅವರು ಶಾಲು ಮಡಚಿಟ್ಟು ಊರಿಗೆ ಹೊರಟೇ ಹೋದರು. ತನ್ನ ಗಂಡ ಎಷ್ಟು ಒಳ್ಳೆಯವನು ಎಂದು ನೆನೆದಾಗಲೆಲ್ಲ ಅವಳಿಗೆ ಈಗ ಭಯವಾಗುತ್ತಿತ್ತು. ಮೊದಲೇ ಅವನು, "ಸಾಕು ಸ್ನೇಹಾ, ಅಡುಗೆಗೆ ಯಾರನ್ನಾದರೂ ಇಟ್ಕೊಳ್ಳೋಣ, ನೀನು ಆರಾಮಾಗಿ ಕೂತ್ಕೋ" ಎಂದು ಆಗಾಗ ರಾಗ ಎಳೆಯುತ್ತಿದ್ದ. ಮೂಗು ಹೋಯಿತೆಂದು ತಿಳಿದರೆ ಕುರ್ಚಿ ಬಂದಂತೆಯೇ ಲೆಕ್ಕ.

ಹಾಗಾಗಿ ಅವಳು ಕಣ್ಣಳತೆಯ ಮೇಲೆ, ಕೈಯ ರೂಢಿಯ ಮೇಲೆ ದಿನ ನೂಕಿದಳು. ಸಾರು, ಪಲ್ಯ, ಕೊದ್ದೆಲು ಎಲ್ಲ ಸುಸೂತ್ರವಾಗಿ ಇಳಿದವು. ಆದರೆ ಡಿಸೆಂಬರಿನ ಚಳಿಯಲ್ಲಿ ಪಾಕ ಮಾಡಲು ನಿಂತ ದಿನ ಕೈ ಜಾರಿತು. ಜಾರಿದ್ದು ಅವಳಿಗೆ ತಿಳಿಯಲೇ ಇಲ್ಲ. ಕಪಾಟಿನಿಂದ ಡಬ್ಬಿ ತೆಗೆದಳು, ಮಾಸಲು ಹಳದಿ ಪುಡಿ ಕಂಡಿತು, ಶುಂಠಿಯೆಂದು ಎರಡು ಚಮಚ ಧಾರಾಳವಾಗಿ ಸುರಿದಳು.

ಅದು ಇಂಗು. ಅದೂ ಹಳೇ ದಿಲ್ಲಿಯ ಮಸಾಲೆ ಪೇಟೆ ಖಾರಿ ಬಾವಲಿಯಿಂದ ಗೋಪಿನಾಥ ಹೋಟೆಲಿಗೆಂದು ತಂದು ಮನೆಗೊಂದಿಷ್ಟು ಕೊಟ್ಟಿದ್ದ, ಚಿಟಿಕೆ ಹಾಕಿದರೆ ಇಡೀ ಹಂಡೆ ಸಾಂಬಾರು ಘಮ್ಮೆನ್ನುವಂಥ ಇಂಗು! ಪಾಕ ಕುದಿಯಿತು, ಮೆಟ್ಟಿಲಿನವರೆಗೂ ವಾಸನೆ ಹೋಯಿತು. ಸಂಜೆ ಮನೆಗೆ ಬಂದ ಗೋಪಿನಾಥ ಚಪ್ಪಲಿ ಬಿಡುತ್ತಾ, "ಸಾರು ಭಾರೀ ಜೋರಿದೆಯಲ್ಲ ಇವತ್ತು" ಎಂದ. ಹೊಗಳಿಕೆಯೆಂದು ಅವಳು ಖುಷಿಪಟ್ಟಳು. ಬಾಟಲಿಗಳು ಊರೆಲ್ಲ ಹಂಚಿಹೋದವು. ಹೋಟೆಲಿನಲ್ಲಿ ಮಾತ್ರ ಹಳೆಯ ಬಾಟಲಿ ಇನ್ನೂ ಮುಗಿದಿರಲಿಲ್ಲ, ಅದು ಗಿರಾಕಿಗಳ ಪುಣ್ಯ.

ಒಬ್ಬರೂ ಬಾಯಿ ಬಿಡಲಿಲ್ಲ. ಮಾಡಿ ಬಡಿಸಿದವರ ಮುಖಕ್ಕೆ ಚೆನ್ನಾಗಿಲ್ಲ ಎನ್ನುವ ಅಭ್ಯಾಸ ನಮ್ಮವರಿಗೆಲ್ಲಿದೆ? ಪವನ್, "ಸೂಪರ್ ಆಂಟಿ, ಈ ಸಲ ಸ್ವಲ್ಪ ಡಿಫರೆಂಟ್" ಎಂದು ಮೆಸೇಜು ಹಾಕಿ, ಪಕ್ಕದಲ್ಲಿ ಎರಡು ನಮಸ್ಕಾರ ಇಟ್ಟ. ಆಫೀಸಿನಲ್ಲಿ ಅವನ ಡೆಸ್ಕಿನ ಸುತ್ತಲಿನವರು ಎದ್ದು ಬೇರೆ ಕಡೆ ಕೂತದ್ದನ್ನು ಬರೆಯಲಿಲ್ಲ. ಚಾವ್ಲಾ ಭಾಭಿಯಂತೂ ಮೆಟ್ಟಿಲು ಹತ್ತಿ ಬಂದು ಸ್ನೇಹಲತಾಳ ಎರಡೂ ಕೈ ಹಿಡಿದುಕೊಂಡಳು. "ಕಮಾಲ್ ಹೋ ಗಯಾ! ಚಾವ್ಲಾ ಸಾಹೇಬ್ ಕಾ ಗ್ಯಾಸ್ ಏಕ್‌ದಮ್ ಗಾಯಬ್!" ಅವಳು ಅದನ್ನು ಮದ್ದೆಂದೇ ತಿಳಿದು, ಊಟವಾದ ಮೇಲೆ ಬಿಸಿನೀರಿನಲ್ಲಿ ಕಲಸಿ ಗಂಡನಿಗೆ ಕುಡಿಸುತ್ತಿದ್ದಳು. ಪಾಕಕ್ಕೂ ಗ್ಯಾಸಿಗೂ ಏನು ಸಂಬಂಧ ಎಂದು ಸ್ನೇಹಲತಾಳಿಗೆ ತಲೆಬುಡ ತಿಳಿಯಲಿಲ್ಲ.

ಬುಡ ತೋರಿಸಿದವಳು ಸುಪ್ರೀತಾ. ದಿಲ್ಲಿಯಲ್ಲೇ ಬೆಳೆದ ಆ ಹುಡುಗಿಗೆ ನಮ್ಮವರ ದಾಕ್ಷಿಣ್ಯ ಅಂಟಿರಲಿಲ್ಲ.

"ಅಮ್ಮಾ, ಯೇ ಕ್ಯಾ ಹೈ?" ವಿಡಿಯೋ ಕಾಲಿನಲ್ಲಿ ಬಾಟಲಿಯನ್ನೇ ಎತ್ತಿ ಹಿಡಿದಿದ್ದಳು. "ಚಾಯ್‌ನಲ್ಲಿ ಹಿಂಗ್ ಯಾಕೆ ಹಾಕಿದ್ದೀ? ಪೂರಾ ರೂಮ್ ಸಾಂಬಾರ್ ಆಗಿದೆ!"

ತಾನು ಹಾಕಿದ್ದು ಶುಂಠಿಯಲ್ಲ ಎಂದು ಸ್ನೇಹಲತಾಳಿಗೆ ಆಗ ಹೊಳೆಯಿತು. ಆದರೆ ನಾಲಗೆ ಮಾತ್ರ ಎಡವಲಿಲ್ಲ. "ಅದು ಬೇಕಂತಲೇ ಹಾಕಿದ್ದು. ಹೊಸ ಬಗೆ. ಜೀರ್ಣಕ್ಕೆ ಒಳ್ಳೇದು. ಬೇಕಿದ್ರೆ ಚಾವ್ಲಾ ಆಂಟಿನ ಕೇಳು."

"ಅಚ್ಛಾ," ಎಂದಳು ಮಗಳು. ಆ ಅಚ್ಛಾದಲ್ಲಿ ನಂಬಿಕೆ ಎಳ್ಳಷ್ಟೂ ಇರಲಿಲ್ಲ.

ಅಷ್ಟರಲ್ಲಿ ಗೋಪಿನಾಥ ಇನ್ನೊಂದು ಸುದ್ದಿ ತಂದ. ಸಂಕ್ರಾಂತಿಗೆ ರೋಹಿಣಿ ಸುತ್ತಲಿನ ಕನ್ನಡದವರೆಲ್ಲ ಸೇರುವುದಿತ್ತು, ಕಾಫಿ-ಟೀ ಅವನ ಹೋಟೆಲಿನದು. "ಎಲ್ಲರಿಗೂ ನಿನ್ನ ಪಾಕದ ಕಾಫಿ ಅಂತ ಹೇಳಿಬಿಟ್ಟಿದ್ದೇನೆ. ಭಾನುವಾರ ಮಾಡಿಡು" ಎಂದು ಹೆಮ್ಮೆಯಿಂದ ಹೇಳಿ ಸ್ನಾನಕ್ಕೆ ಹೋದ. ಸ್ನೇಹಲತಾ ಡಬ್ಬಿಗಳ ಸಾಲನ್ನು ನೋಡುತ್ತಾ ನಿಂತಳು. ಒಂದೊಂದನ್ನೂ ತೆರೆದು ಮೂಗಿಗೆ ಹಿಡಿದಳು. ಎಲ್ಲವೂ ಖಾಲಿ ಡಬ್ಬಿಯ ಹಾಗೆಯೇ ಇದ್ದವು. ಈಗ ಬಾಯಿಗಿಟ್ಟು ನೋಡೋಣವೆಂದು, ಇಷ್ಟು ವರ್ಷದ ಮಡಿಯನ್ನು ಬದಿಗಿಟ್ಟು ಒಂದು ಏಲಕ್ಕಿ ಕಾಳು ಅಗಿದಳು. ಮೇಣ ಅಗಿದ ಹಾಗಾಯಿತು. ಊಟ ಸಪ್ಪೆಯಾದದ್ದು ಜ್ವರದ ಬಾಯಿಗೆ ಎಂದುಕೊಂಡಿದ್ದವಳಿಗೆ, ಮೂಗಿಲ್ಲದಿದ್ದರೆ ನಾಲಗೆಯೂ ಅರ್ಧ ಹೋಗಿರುತ್ತದೆ ಎಂದು ಆಗಲೇ ಗೊತ್ತಾದದ್ದು. ಸಿಂಕಿನ ಮುಂದೆ ನಿಂತು, ನಲ್ಲಿ ಜೋರಾಗಿ ಬಿಟ್ಟುಕೊಂಡು, ಅಳು ಬಂದಷ್ಟನ್ನು ಅತ್ತಳು.

ಶನಿವಾರ ಸುಪ್ರೀತಾ ಮೆಟ್ರೋ ಹಿಡಿದು ಮನೆಗೆ ಬಂದಳು. ಬಂದವಳು ಬ್ಯಾಗೂ ಇಳಿಸದೆ ಅಡುಗೆಮನೆಗೆ ಹೋಗಿ ಎರಡು ಡಬ್ಬಿಗಳ ಮುಚ್ಚಳ ತೆಗೆದು ಅಮ್ಮನ ಮುಂದೆ ಹಿಡಿದಳು.

"ಇದರಲ್ಲಿ ಶುಂಠಿ ಯಾವುದು?"

"ಇದೇನು, ನನಗೇ ಪರೀಕ್ಷೆಯಾ?"

"ಹೇಳು ಅಮ್ಮಾ."

ಸ್ನೇಹಲತಾ ಎಡಗಡೆಯದನ್ನು ತೋರಿಸಿದಳು. ಅದು ಇಂಗು.

"ಸಚ್ ಬತಾವೋ," ಎಂದಳು ಮಗಳು, ಈಗ ಮೆತ್ತಗೆ. "ನಿಜ ಹೇಳು, ಯಾವಾಗಿನಿಂದ?"

ಎಲ್ಲ ಹೊರಗೆ ಬಂತು. ಜ್ವರ, ಹಾಲು, ಡಾಕ್ಟರು, ಏಲಕ್ಕಿ. ಸುಪ್ರೀತಾ ಅಮ್ಮನನ್ನು ತಬ್ಬಿಕೊಂಡು, ಸ್ವಲ್ಪ ಹೊತ್ತಿಗೆ ಮೂಗೊರೆಸಿಕೊಂಡು, "ಪಪ್ಪನಿಗೆ ಹೇಳು" ಎಂದಳು.

"ಬೇಡ ಮಗಾ. ನಿಮ್ಮಪ್ಪ ಬೈಯೋರಾಗಿದ್ದರೆ ಯಾವತ್ತೋ ಹೇಳ್ತಿದ್ದೆ. ಅವರು ಬೈಯಲ್ಲ, ಕೂರಿಸ್ತಾರೆ. ಅಡಿಗರನ್ನ ಕೂರಿಸಿದ ಹಾಗೆ. ನನಗೆ ಈ ಒಲೆ ಬಿಟ್ಟು ಕೂತು ಗೊತ್ತಿಲ್ಲ."

"ತೋ ಕ್ಯಾ, ಲೈಫ್ ಭರ್ ಸುಳ್ಳು ಹೇಳ್ತೀಯಾ? ಸಂಕ್ರಾಂತಿಗೆ ಎಲ್ಲರಿಗೂ ಹಿಂಗ್ ಕಾಫಿ ಕುಡಿಸ್ತೀಯಾ?" ಸುಪ್ರೀತಾಳಿಗೆ ಸೋಮವಾರ ಏನೋ ಸೆಮಿನಾರಿತ್ತು, ಸಂಜೆಯೇ ಮರಳಬೇಕಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, "ನೀನು ಹೇಳದಿದ್ದರೆ ನಾನು ಹೇಳ್ತೀನಿ. ಪಕ್ಕಾ" ಎಂದು ಬೆರಳು ತೋರಿಸಿ ಹೋದಳು. ಆ ಬೆರಳು ತೋರಿಸುವುದೆಲ್ಲ ತಾಯಿಯಿಂದ ಬಂದದ್ದೇ.

ಭಾನುವಾರ ಬೆಳಿಗ್ಗೆ ಸ್ನೇಹಲತಾ ದೊಡ್ಡ ಪಾತ್ರೆಯಲ್ಲಿ ಬೆಲ್ಲಕ್ಕೆ ನೀರು ಹಾಕಿ ಒಲೆಯ ಮೇಲಿಟ್ಟಳು. ಗೋಪಿನಾಥ ಹೋಟೆಲಿಗೆ ಹೊರಡಲು ಸ್ವೆಟರ್ ಹಾಕಿಕೊಳ್ಳುತ್ತಿದ್ದ. ಅವಳು ಡಬ್ಬಿ ಹಿಡಿದುಕೊಂಡು ಎರಡು ಸಲ ಬಾಗಿಲವರೆಗೆ ಹೋಗಿ ಎರಡು ಸಲವೂ ಮರಳಿದಳು. ಮೂರನೆಯ ಸಲ ಬಾಯಿ ಬಿಟ್ಟಳು.

"ಹ್ವಾಯ್, ಸ್ವಲ್ಪ ಬನ್ನಿ ಇಲ್ಲಿ. ಇದು ಶುಂಠಿಯಾ ಇಂಗಾ, ಮೂಸಿ ಹೇಳಿ."

ಗೋಪಿನಾಥ ನಕ್ಕ. "ನಾನಾ? ನಿನಗೆ? ಒಳ್ಳೆ ಕತೆಯಾಯ್ತು."

"ನನಗೆ ಗೊತ್ತಾಗಲ್ಲ."

"ಏನು ಗೊತ್ತಾಗಲ್ಲ?"

"ಏನೂ ಗೊತ್ತಾಗಲ್ಲ. ದೀಪಾವಳಿ ಜ್ವರದಿಂದ ಈಚೆಗೆ ನನಗೆ ಯಾವ ವಾಸನೆಯೂ ಬರ್ತಿಲ್ಲ." ಹೇಳಿ ಅವಳು ಒಲೆಯ ಕಡೆಗೆ ತಿರುಗಿಕೊಂಡಳು. ಅವನ ಮುಖ ನೋಡುವ ಧೈರ್ಯವಿರಲಿಲ್ಲ.

ಗೋಪಿನಾಥ ಡಬ್ಬಿ ಇಸಿದುಕೊಂಡು ಮೂಸಿದ. ಕೆಮ್ಮಿದ. "ಇಂಗು," ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಹಾಗಾದರೆ ಚಾವ್ಲಾ ಕುಡೀತಿರೋದು..."

"ಅದೇ."

ಅವನಿಗೆ ನಗು ಬಂತು, ಬಂದದ್ದನ್ನು ಅರ್ಧಕ್ಕೇ ನುಂಗಿಕೊಂಡ. ಡಬ್ಬಿ ಕೆಳಗಿಟ್ಟು ನಡುಮನೆಗೆ ಹೋದ. ಅಲ್ಲಿಂದ ನೆಲದ ಮೇಲೆ ಏನನ್ನೋ ಎಳೆಯುವ ಸದ್ದು ಕೇಳಿಸಿತು. ಸ್ನೇಹಲತಾ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಂತು, ಕೊನೆಗೂ ಬಂತು, ಶಾಲು ಒಂದೇ ಬಾಕಿ ಎಂದುಕೊಂಡಳು. ಗೋಪಿನಾಥ ಪ್ಲಾಸ್ಟಿಕ್ ಸ್ಟೂಲೊಂದನ್ನು ಎತ್ತಿ ತಂದು ಒಲೆಯ ಪಕ್ಕದಲ್ಲಿಟ್ಟ.

"ನಾನು ಕೂರಲ್ಲ!" ಅವಳ ದನಿ ಕೀರಲಾಯಿತು. "ಏನೇ ಹೇಳಿ, ನಾನು ಕೂರೋದಿಲ್ಲ."

"ನಿನಗ್ಯಾರು ಕೂರು ಅಂದ್ರು?" ಗೋಪಿನಾಥ ಸ್ವೆಟರ್ ಬಿಚ್ಚಿ ಫ್ರಿಜ್ಜಿನ ಮೇಲೆ ಹಾಕಿ ಸ್ಟೂಲಿನ ಮೇಲೆ ತಾನೇ ಕುಳಿತ. "ನನಗೆ ಮಂಡಿನೋವು. ನಿಂತುಕೊಂಡು ಎಷ್ಟು ಹೊತ್ತು ಮೂಸಲಿ? ಹೂಂ, ಹಾಕು ಅದೇನು ಹಾಕ್ತೀಯೋ."

ಅವಳು ಅವನನ್ನು ಒಮ್ಮೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಬೆಲ್ಲ ಕಲಕಿದಳು.

"ಏನು ವಾಸನೆ ಬರ್ತಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅನ್ನೋದು ವಾಸನೆಯಲ್ಲ. ಏನು ವಾಸನೆ, ಅದನ್ನ ಹೇಳಿ."

ಪಾಪ, ಇಷ್ಟು ವರ್ಷ ಹೋಟೆಲು ನಡೆಸಿದರೂ ಗಲ್ಲಾಪೆಟ್ಟಿಗೆ ಬಿಟ್ಟು ಒಳಗೆ ಬಂದವನಲ್ಲ ಅವನು. ಕಣ್ಣು ಮುಚ್ಚಿ, ಮೂಗು ಅರಳಿಸಿ, ಬಹಳ ಕಷ್ಟಪಟ್ಟ. "ಆಲೆಮನೆ. ನೊಣ ಕೂತಿರ್ತಾವಲ್ಲ, ಆ ಕಡೆ."

"ಹಸಿ ಹೋಗಿಲ್ಲ ಇನ್ನೂ," ಎಂದಳು ಅವಳು. ಉರಿ ಸ್ವಲ್ಪ ಏರಿಸಿ, ಇನ್ನೊಂದು ಡಬ್ಬಿಯನ್ನು ಅವನಿಂದ ಮೂಸಿಸಿ ಖಾತ್ರಿ ಮಾಡಿಕೊಂಡು ಶುಂಠಿ ಹಾಕಿದಳು. "ಈಗ?"

"ಬಾಣಂತಿ ಕೋಣೆ. ಸುಪ್ರೀತಾ ಹುಟ್ಟಿದಾಗ ನಿಮ್ಮಮ್ಮ ಲೇಹ್ಯ ಕಾಯಿಸ್ತಿದ್ರಲ್ಲ, ಹಾಗೆ."

ಸ್ನೇಹಲತಾಳ ಕೈ ಒಂದು ಗಳಿಗೆ ನಿಂತಿತು. ಮೂಗಿಗೆ ಏನೂ ಬರಲಿಲ್ಲ, ಆದರೆ ಆ ಕತ್ತಲೆ ಕೋಣೆ, ಹಂಡೆಯ ಬಿಸಿನೀರು, ಅಮ್ಮನ ಕೆಂಪು ಬಳೆ ಎಲ್ಲ ಕಣ್ಣ ಮುಂದೆ ಬಂದು ನಿಂತವು. ಮೆಣಸು, ಲವಂಗ ಹಾಕಿದಳು. "ಈಗ?"

"ಹಲ್ಲಿನ ಡಾಕ್ಟರು."

"ಜೋರಾ?"

"ಜೋರು. ಕುರ್ಚಿಯಿಂದ ಎದ್ದು ಓಡಬೇಕು ಅನ್ನಿಸ್ತದೆ."

ಅವಳು ನಕ್ಕಳು. ಅಷ್ಟು ದಿನಗಳ ಮೇಲೆ ಆ ಅಡುಗೆಮನೆಯಲ್ಲಿ ಅವಳು ನಕ್ಕದ್ದು. ಕೊನೆಗೆ ಏಲಕ್ಕಿ ಪುಡಿ ಉದುರಿಸಿ, ಉರಿ ಸಣ್ಣ ಮಾಡಿ, ನಿಧಾನವಾಗಿ ಕೈಯಾಡಿಸುತ್ತಾ ಹೋದಳು. ಗುಳ್ಳೆಗಳು ದಪ್ಪಗಾದವು.

"ಈಗ? ಹೇಳಿ ಬೇಗ, ತಳ ಹಿಡೀತದೆ."

"ಈಗ..." ಎಂದು ಅವನು ಕಿಟಕಿಯ ಕಡೆ ನೋಡಿದ. ಆ ವಯಸ್ಸಿನಲ್ಲಿ ಅವನ ಕಿವಿ ಕೆಂಪಾಗಿತ್ತು. "ಈಗ ನಿನ್ನ ವಾಸನೆ ಬರ್ತಿದೆ. ಸಂಜೆ ನಾನು ಬಂದಾಗ ನೀನು ಬಾಗಿಲು ತೆಗೀತೀಯಲ್ಲ, ಆಗ ಬರೋದು. ಇಷ್ಟು ವರ್ಷ ಅದು ನಿನ್ನ ಸೋಪಿಂದು ಅಂದ್ಕೊಂಡಿದ್ದೆ."

ಸ್ನೇಹಲತಾ ಗ್ಯಾಸ್ ಆರಿಸಿದಳು.

"ಯಾಕೆ ಆರಿಸ್ದೆ?"

"ಆಯ್ತು, ಅದಕ್ಕೆ." ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ಕೆಳಗಿಳಿಸಿದಳು.

ಗೋಪಿನಾಥ ಮಂಡಿಯ ಮೇಲೆ ಕೈಯೂರಿ, ಹೋಟೆಲಿಗೆ ತಡವಾಯಿತೆಂದು ಗೊಣಗುತ್ತಾ ಏಳಲು ಹೊರಟ. ಸ್ನೇಹಲತಾ ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿದಳು.

"ಕೂತ್ಕೊಳ್ಳಿ. ಸಾರಿನ ಒಗ್ಗರಣೆ ಬಾಕಿ ಇದೆ."